ಎಡಗಿವಿಯೊಳಗಿನ ಗೋಲಗುಂಬಜ್

ಕಟಕ ರೊಟ್ಟಿ ಇಷ್ಟು ಸದ್ದು ಮಾಡುತ್ತದೆ ಅಂತ ನನಗೆ 52 ವರ್ಷ ಗೊತ್ತೇ ಇರಲಿಲ್ಲ.

ಅವತ್ತು ಭಾನುವಾರ. ತಲೆಗೆ ಎರೆದುಕೊಂಡು ಬಂದು ಊಟಕ್ಕೆ ಕೂತಿದ್ದೆ. ತಾಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು, ಹಸಿ ಉಳ್ಳಾಗಡ್ಡಿ. ಒಂದು ತುಂಡು ಮುರಿದು ಬಾಯಿಗಿಟ್ಟು ಕಡಿದೆ ನೋಡಿ, ತಲೆಯೊಳಗೆ ಯಾರೋ ಖಡಿ ಮಷಿನ್ ಚಾಲೂ ಮಾಡಿದ ಹಾಗಾಯಿತು. ಗಾಬರಿಯಾಗಿ ಅಗಿಯುವುದು ನಿಲ್ಲಿಸಿದೆ. ಮಷಿನ್ ನಿಂತಿತು. ಮತ್ತೆ ಅಗಿದೆ. ಮತ್ತೆ ಚಾಲೂ. ಎದುರಿಗೆ ಕೂತ ಮಗಳು ಏನೋ ಹೇಳುತ್ತಿದ್ದಳು, ಅವಳ ಬಾಯಿ ಮಾತ್ರ ಅಲ್ಲಾಡುತ್ತಿತ್ತು. “ಏನವಾ?” ಅಂದೆ. ಆ “ಏನವಾ” ಹೊರಗೆ ಹೋಗಲೇ ಇಲ್ಲ. ಒಳಗೇ ಒಂದು ಸುತ್ತು ಹಾಕಿ, ತಲೆಬುರುಡೆಗೆ ಬಡಿದು, ನನ್ನ ಕಡೆಗೇ ವಾಪಸು ಬಂತು. ಎಡಗಿವಿ ಬಂದ್ ಆಗಿತ್ತು.

ಮೊನ್ನೆ ಗುರುವಾರ ತೆರೆಯಿತು. ನಡುವೆ ಹೋದದ್ದು 18 ದಿನ. ಆ 18 ದಿನದ ಸಿಟ್ಟು ಇನ್ನೂ ಆರಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ತಪ್ಪು ನನ್ನದೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕಿವಿ ಕೆರೆಯುವ ಚಟ. ಕೆಲವರಿಗೆ ಅಡಿಕೆ, ಕೆಲವರಿಗೆ ಚಹಾ, ನನಗೆ ಇದು. ಮನೆಯಲ್ಲಿದ್ದಾಗ ಬಡ್ಸ್, ಬಡ್ಸ್ ಸಿಗದಿದ್ದರೆ ಕಡ್ಡಿಪೆಟ್ಟಿಗೆಯ ಕಡ್ಡಿ, ಬ್ಯಾಂಕಿನಲ್ಲಿ ಪೆನ್ನಿನ ಟೊಪ್ಪಿಗೆ, ಸಿಗ್ನಲ್‌ನಲ್ಲಿ ನಿಂತಾಗ ಕೈಯಲ್ಲಿ ಮನೆ ಚಾವಿ. ಕಣ್ಣು ಅರ್ಧ ಮುಚ್ಚಿ, ಬಾಯಿ ಸ್ವಲ್ಪ ಸೊಟ್ಟ ಮಾಡಿ ಚಾವಿ ತಿರುಗಿಸುವ ಆ ಸುಖವನ್ನು ನಿಮಗೆ ವಿವರಿಸಬೇಕಾಗಿಲ್ಲ, ನೀವೂ ಮಾಡಿರುತ್ತೀರಿ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಕಿವಿ ತನ್ನ ಗುಗ್ಗೆಯನ್ನು ತಾನೇ ನಿಧಾನವಾಗಿ ಹೊರಗೆ ತಳ್ಳುತ್ತದಂತೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಆಡುತ್ತದಲ್ಲ, ಅದೂ ಒಂದಿಷ್ಟು ಕೈ ಜೋಡಿಸುತ್ತದಂತೆ. ಅದು ಪಾಪ ಹೊರಗೆ ತಳ್ಳುತ್ತಾ ಬಂದಿದೆ, ನಾನು ಮುವ್ವತ್ತು ವರ್ಷದಿಂದ ಒಳಗೆ ತಳ್ಳುತ್ತಾ ಬಂದಿದ್ದೇನೆ. ಅವತ್ತು ತಲೆಗೆ ಎರೆದುಕೊಂಡಾಗ ನೀರು ಹೋಗಿ, ಒಳಗಿದ್ದದ್ದು ಉಬ್ಬಿ, ಬಾಗಿಲು ಪೂರ್ತಿ ಮುಚ್ಚಿತು.

ಇನ್ನು ಔಷಧ. ಬಿಜಾಪುರದಲ್ಲಿ, ಅಂದರೆ ವಿಜಯಪುರದಲ್ಲಿ (2014ರಲ್ಲಿ ಹೆಸರು ಬದಲಾದರೂ ನಮ್ಮ ಬಾಯಿ ಇನ್ನೂ ಬದಲಾಗಿಲ್ಲ), ಡಾಕ್ಟರ್ ಅಲ್ಲದವರು ಯಾರೂ ಇಲ್ಲ. ಒಬ್ಬರು ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಅಂದರು. ಒಬ್ಬರು ಬಿಸಿ ಉಪ್ಪಿನ ಗಂಟು ಅಂದರು. ಬ್ಯಾಂಕಿನ ವಾಚ್‌ಮನ್ನು, “ಸಾಹೇಬ್ರ, ಸಣ್ಣಾವ್ರಿದ್ದಾಗ ಬಾವ್ಯಾಗ ಈಸಬಿದ್ದು ಬಂದು ಏನ್ ಮಾಡ್ತಿದ್ದಿವಿ? ಕಾದ ಕಲ್ಲು ಕಿವಿಗೆ ಹಚ್ಚಿ, ಒಂದ ಕಾಲಾಗ ಕುಣೀತಿದ್ದಿಲ್ಲ? ಅದ ಮಾಡ್ರಿ” ಅಂದ. ಮಾಡಿದೆ. ಮಾಳಿಗೆ ಮೇಲೆ, ಮಧ್ಯಾಹ್ನ, ಕಿವಿಗೆ ಕಲ್ಲು ಹಿಡಿದು, ತಲೆ ವಾಲಿಸಿ, ಒಂದೇ ಕಾಲಿನಲ್ಲಿ. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ಅಜ್ಜಿ ಸಂಡಿಗೆ ಬಿಟ್ಟು ಕೆಳಗೆ ಇಳಿದುಹೋದರು. ಕಿವಿಯಿಂದ ಏನೂ ಇಳಿಯಲಿಲ್ಲ.

ಒಂದು ಕಿವಿ ಬಂದ್ ಆದರೆ ಇನ್ನೊಂದು ಇದೆಯಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಈ ಜಗತ್ತೆಲ್ಲ ನನ್ನ ಎಡಗಡೆಗೇ ಇದೆ ಅಂತ ಆಮೇಲೆ ಗೊತ್ತಾಯಿತು. ಮಂಚದಲ್ಲಿ ಹೆಂಡತಿ ಮಲಗುವುದು ಎಡಗಡೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಕೋಣೆ ಎಡಗಡೆ. ನಾನು ಫೋನ್ ಹಿಡಿಯುವುದು ಎಡಗಿವಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಹೆಣ್ಣುಮಕ್ಕಳು ಗಾಡಿಯ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂಡುತ್ತಾರಲ್ಲ, ಅದು ಯಾವ ಬದಿ? ಎಡ. ಗಾಂಧಿ ಚೌಕದಿಂದ ಮನೆ ಮುಟ್ಟುವವರೆಗೆ ಅವಳು ಹೇಳಿದ್ದೆಲ್ಲ ಎಡಗಿವಿಗೇ, ಅದೂ ಹೆಲ್ಮೆಟ್ಟಿನ ಮೇಲಿಂದ. ನಾನು “ಹೂಂ, ಹೂಂ” ಅಂತ ಗಾಡಿ ಹೊಡೆದೆ. ಮನೆಗೆ ಬಂದು ನಾಲ್ಕು ಕಟ್ಟು ರಾಜಗಿರಿ ಪಲ್ಯೆ ಚೀಲದಿಂದ ತೆಗೆದೆ. ಅವಳು ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತಂತೆ: “ರಾಜಗಿರಿ ಪಲ್ಯೆ ಯಾಕ್ ತಗೊಂಡ್ರಿ, ಮನ್ಯಾಗ ಇನ್ನೂ ಅದ, ಹೊಳ್ಳಿ ಕೊಟ್ಟು ಬರೂಣು ನಡ್ರಿ.” ನಾನು ಮೂರು ಕಿಲೋಮೀಟರ್ ಹೂಂಗುಟ್ಟಿದ್ದೇನೆ.

ಆದರೆ ಪಲ್ಯೆ ಹೇಗೋ ಖರ್ಚಾಗುತ್ತದೆ. ನನ್ನ ಸಂಕಟ ಬೇರೆಯೇ ಇತ್ತು. ನಾನು ಹಾಡು ಕಲಿಯುತ್ತಿದ್ದೇನೆ.

ಸ್ಟೇಷನ್ ರೋಡಿನ ಹತ್ತಿರ ಒಂದು ಮನೆಯ ಮೊದಲ ಮಾಳಿಗೆಯಲ್ಲಿ ನಮ್ಮ ಕ್ಲಾಸು. ಸಂಜೆ ಆರೂವರೆಗೆ. ನಾವು ಎಂಟು ಜನ, ಎಲ್ಲರೂ ನಲವತ್ತೈದು ದಾಟಿದವರು. ಮಧ್ಯವಯಸ್ಸಿನಲ್ಲಿ ಗಂಡಸರು ಒಂದೋ ಪ್ಲಾಟ್ ವ್ಯವಹಾರಕ್ಕೆ ಇಳಿಯುತ್ತಾರೆ, ಇಲ್ಲವೇ ಕ್ಯಾಮೆರಾ ಕೊಳ್ಳುತ್ತಾರೆ, ಏನೂ ಇಲ್ಲದವರು ಹಾಡಲು ಬರುತ್ತಾರೆ. ನನ್ನ ಹತ್ತಿರ ಅಪ್ಪನ ಹಳೆಯ ಪೇಟಿ ಇತ್ತು, ಹಾರ್ಮೋನಿಯಂ. ತಿದಿಗೆ ಎರಡು ಕಡೆ ಟೇಪು ಹಚ್ಚಿದ್ದು. ಈ ಪೇಟಿ ಅನ್ನುವುದು ಬಹಳ ಅವಮಾನ ನುಂಗಿದ ವಾದ್ಯ. ನಮ್ಮ ಸ್ವರ ಬಳುಕುತ್ತದೆ, ಜಾರುತ್ತದೆ, ಪೇಟಿಗೆ ಅದು ಬರುವುದಿಲ್ಲ ಅಂತ ಹೇಳಿ 1940ರಿಂದ 1971ರವರೆಗೆ ಆಕಾಶವಾಣಿಯವರು ಇದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಇದೇ ಪೇಟಿಯಿಂದ ಬೆಳಗಾವಿಯ ರಾಮಭಾವು ಬಿಜಾಪುರೆಯವರು ಎಂಥೆಂಥ ಕೆಲಸ ತೆಗೆದರು! ಹೆಸರಿನಲ್ಲಿ ಬಿಜಾಪುರ ಇದ್ದರೂ ಇದ್ದದ್ದು ಬೆಳಗಾವಿಯಲ್ಲಿ. ನಾನು ಬಿಜಾಪುರದಲ್ಲೇ ಇದ್ದೇನೆ, ಅಷ್ಟೇ ನನ್ನ ಸಾಧನೆ.

ಗುರುಪೂರ್ಣಿಮೆಗೆ ಕ್ಲಾಸಿನ ಕಾರ್ಯಕ್ರಮ. ನನಗೆ ಕೊಟ್ಟದ್ದು ಭೂಪ್. ಸಾ, ರೇ, ಗ, ಪ, ಧ. ಐದೇ ಸ್ವರ, ಹೊಸಬರಿಗೆ ಸುಲಭ ಅಂತ. ಎಡಗಿವಿ ಬಂದ್ ಆದ ಮೇಲೆ ನನ್ನ ಭೂಪ್‌ನಲ್ಲಿ ಆರನೆಯದೊಂದು ಸ್ವರ ಬರತೊಡಗಿತು. ಅದಕ್ಕೆ ಹೆಸರಿಲ್ಲ. ತಂಬೂರಿ ದೂರದಲ್ಲೆಲ್ಲೋ ಪಕ್ಕದ ಓಣಿಯಲ್ಲಿ ನುಡಿದಂತೆ, ನನ್ನ ದನಿ ಮಾತ್ರ ತಲೆಯೊಳಗೆ ಢಂ ಅಂತ. ಖರೇ ಹೇಳಬೇಕೆಂದರೆ ನನಗೆ ಅದು ಬಹಳ ಇಷ್ಟವಾಗಿತ್ತು. ಅಷ್ಟು ತುಂಬು ದನಿಯನ್ನು ನಾನು ನನ್ನಲ್ಲಿ ಎಂದೂ ಕೇಳಿರಲಿಲ್ಲ. ರಿಯಾಜ್ ಫಲ ಕೊಡುತ್ತಿದೆ ಅಂದುಕೊಂಡೆ. ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ತನ್ಮಯರಾಗಿದ್ದಾರೆ ಅಂದುಕೊಂಡೆ.

ಈಗ ಕಾಕಾ ಬಗ್ಗೆ ಹೇಳಬೇಕು.

ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ತಲಾಟಿ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಕ್ಲಾಸಿಗೆ ನನ್ನ ಜೊತೆಗೇ ಬರುತ್ತಾರೆ, ತಾಳ ಹಾಕುತ್ತಾರೆ. ಒಳ್ಳೆಯ ಮನುಷ್ಯ. ಒಂದೇ ಅಭ್ಯಾಸ, ಅವರು ಗಟ್ಟಿಯಾಗಿ ಮಾತಾಡುವುದಿಲ್ಲ. ಏನಿದ್ದರೂ ಪಿಸುಮಾತು. ನಿಮ್ಮ ಎಡಗಡೆಗೆ ಬರುತ್ತಾರೆ. ತೋಳು ಹಿಡಿಯುತ್ತಾರೆ. ಹಿಂದೊಮ್ಮೆ ಮುಂದೊಮ್ಮೆ ನೋಡುತ್ತಾರೆ. ಬಾಯಿಗೆ ಅಂಗೈ ಮರೆ ಮಾಡಿ, ಕಿವಿಗೆ ನಾಲ್ಕು ಬೆರಳು ದೂರಕ್ಕೆ ಬಂದು, ಯಲಕ್ಕಿ ವಾಸನೆಯ ಉಸಿರು ಬಿಟ್ಟು ಹೇಳುತ್ತಾರೆ: “ಉಳ್ಳಾಗಡ್ಡಿ ಇಳದಾವ.”

ಇಷ್ಟೇ. ಇದರಲ್ಲಿ ಗುಟ್ಟು ಏನಿದೆ? ಮಾರ್ಕೆಟ್ಟಿನಲ್ಲಿ ಕೂಗಿ ಕೂಗಿ ಮಾರುವ ಉಳ್ಳಾಗಡ್ಡಿಯ ದರ ಅದು. ಆದರೆ ನೋಡಿದವರಿಗೆ ನಾವಿಬ್ಬರೂ ಯಾವುದೋ ಜಮೀನಿನ ಕಾಗದ ತಿದ್ದುತ್ತಿದ್ದೇವೆ ಅನಿಸಬೇಕು. ಒಮ್ಮೆ ಅವರು ನಮ್ಮ ಬ್ಯಾಂಕಿನ ಕೌಂಟರಿಗೆ ಬಂದು, ಗಾಜಿನ ಕಿಂಡಿಯೊಳಗೆ ಅರ್ಧ ಮುಖ ಹಾಕಿ ಪಿಸುಗುಟ್ಟಿ ಹೋದರು. ಮ್ಯಾನೇಜರ್ ಕೂಡಲೇ ಕರೆದು, “ಯಾರ್ರೀ ಅವ್ರು, ಏನಂತ?” ಅಂದರು. ಕಾಕಾ ಅಂದದ್ದು, “ಹೊರಗ ಮಳಿ ಬರೂ ಹಂಗದ.” ನಾನು ಅದನ್ನೇ ಹೇಳಿದೆ. ಮ್ಯಾನೇಜರ್ ನಂಬಲಿಲ್ಲ. ಎರಡು ದಿನ ನನ್ನ ಕ್ಯಾಶ್ ಎರಡೆರಡು ಸಲ ಎಣಿಸಿದರು. ಇನ್ನೊಮ್ಮೆ ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ, ಹೆಣದ ಮುಂದೆ ಎಲ್ಲರೂ ಮೌನವಾಗಿ ಕೂತಿದ್ದೆವು. ಕಾಕಾ ಎದ್ದರು. ಎಲ್ಲರ ಕಣ್ಣೂ ಅವರ ಮೇಲೆ. ನನ್ನ ಎಡಕ್ಕೆ ಬಂದು, ತೋಳು ಹಿಡಿದು, ಅಂಗೈ ಮರೆ ಮಾಡಿ ಬಹಳ ಗಂಭೀರವಾಗಿ ಕಿವಿಯಲ್ಲಿ ಹೇಳಿದರು. ತೀರಿಕೊಂಡವರ ಮೂವರು ಗಂಡುಮಕ್ಕಳೂ ಅಳುವುದು ನಿಲ್ಲಿಸಿ ನನ್ನ ಮುಖ ನೋಡತೊಡಗಿದರು. ಅಜ್ಜ ಬೇರೆ ಯಾರಿಗಾದರೂ ಹೊಲ ಬರೆದುಕೊಟ್ಟಿದ್ದಾನೋ ಏನೋ ಅಂತ. ಕಾಕಾ ಹೇಳಿದ್ದು, “ನಾಳಿಗೆ ದಿನಾ ಎಲ್ಲ ಕರೆಂಟ್ ಇರೂದಿಲ್ಲ, ಹಿಟ್ಟು ಇವತ್ತ ಬೀಸಿಸ್ಕೋ.”

ಇಂಥ ಮನುಷ್ಯನಿಗೆ ನಾನು ಆರು ವರ್ಷದಿಂದ ಎಡಗಿವಿ ಕೊಡುತ್ತಾ ಬಂದಿದ್ದೆ. ಈಗ ಅದು ಬಂದ್. ಬಲಗಡೆಗೆ ಬನ್ನಿ ಅಂದರೆ ಬರುವುದಿಲ್ಲ, ನಾನು ತಿರುಗಿದರೆ ಅವರೂ ತಿರುಗಿ ಮತ್ತೆ ಎಡಕ್ಕೇ ಬರುತ್ತಾರೆ, ಒಮ್ಮೊಮ್ಮೆ ರಸ್ತೆಯ ಮೇಲೆ ಇಬ್ಬರೂ ಫುಗಡಿ ಆಡಿದ ಹಾಗೆ ಗಿರಗಿರ ತಿರುಗಿದ್ದೂ ಉಂಟು. ಕೊನೆಗೆ ನಾನು ಒಂದು ಉಪಾಯ ಮಾಡಿಕೊಂಡೆ. ಮಾತು ಕೇಳುವುದು ಬಿಟ್ಟು ಮುಖ ನೋಡುವುದು. ಅವರ ಹುಬ್ಬು ಮೇಲೆ ಹೋದರೆ “ಅಯ್ಯ, ಹೌದಾ!” ಲೊಚಗುಟ್ಟಿದರೆ “ಏನ್ ಮಾಡೂದ್ರಿ ಮತ್ತ.” ನಕ್ಕರೆ ನಗು. ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಕ್ಲಾಸು ಮುಗಿದು ಮೆಟ್ಟಿಲು ಇಳಿಯುವಾಗ ಕಾಕಾ ನನ್ನನ್ನು ತಡೆದು ಬಹಳ ಹೊತ್ತು ಪಿಸುಗುಟ್ಟಿದರು. ಮುಖ ಸಣ್ಣದಾಗಿತ್ತು. ನಾನೂ ಮುಖ ಸಣ್ಣದು ಮಾಡಿ, “ಹೌದ್ರಿ ಕಾಕಾ, ನೀವು ಹೇಳೂದು ಖರೇ ಅದ” ಅಂದೆ. ಅವರು ದೊಡ್ಡ ಉಸಿರು ಬಿಟ್ಟು, ಬೆನ್ನು ತಟ್ಟಿ, ಕಣ್ಣು ಒರೆಸಿಕೊಂಡು ಹೋದರು. ಮರುದಿನ ನಾನು ಎಂದಿಗಿಂತ ಜಾಸ್ತಿ ಹುರುಪಿನಿಂದ ಭೂಪ್ ಹಾಡಿದೆ. ಕಾಕಾ ತಾಳ ಹಾಕುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅವತ್ತು ಮತ್ತೆ ಪಿಸುಗುಟ್ಟಿದರು. ನಾನು ಮತ್ತೆ ಹೌದ್ರಿ ಅಂದೆ. ಮತ್ತೆ ಹಾಡಿದೆ. ಹೀಗೆ ಮೂರು ಸಲ.

ಎರಡನೇ ಭಾನುವಾರ ಎಲ್ಲರೂ ಗೋಲಗುಂಬಜ್‌ಗೆ ಹೋದೆವು. ಊರವರು ನಾವು, ಬೀಗರು ಬಂದಾಗ ಮಾತ್ರ ಅಲ್ಲಿಗೆ ಹೋಗುವವರು. ಆದರೆ ಕಾರ್ಯಕ್ರಮದ ಫ್ಲೆಕ್ಸಿಗೆ ಒಂದು ಫೋಟೋ ಬೇಕಾಗಿತ್ತು. ಎಂಟೂ ಜನ ಬಿಳಿ ಕುರ್ತಾ ಹಾಕಿಕೊಂಡು ಹುಲ್ಲಿನ ಮೇಲೆ ಸಾಲಾಗಿ ನಿಂತೆವು. ಒಬ್ಬರ ಅಳಿಯ ಹೊಸ ಕ್ಯಾಮೆರಾ ತಂದಿದ್ದ. ನಮ್ಮ ಮುಖವೂ ಬರಬೇಕು, ಗುಂಬಜವೂ ಪೂರ್ತಿ ಬರಬೇಕು ಅಂತ ಅವನ ಹಟ. ಹೊರಗಿನಿಂದ 44 ಮೀಟರ್ ಅಡ್ಡಗಲದ ಗುಂಬಜ್ ಅದು, ಅಷ್ಟು ಸುಲಭಕ್ಕೆ ಬರುತ್ತದೆಯೇ? ಹಿಂದೆ ಸರಿದ, ಸರಿದ, ಕೊನೆಗೆ ಅವನೇ ನಮಗೆ ಕಾಣದ ಹಾಗಾದ. ಫೋಟೋ ನೋಡಿದರೆ ಗುಂಬಜ್ ಬಹಳ ಚಂದ ಬಂದಿದೆ, ಕೆಳಗೆ ಯಾರೋ ಎಂಟು ಅಕ್ಕಿಕಾಳು ಚೆಲ್ಲಿದ್ದಾರೆ. ಆಮೇಲೆ ಹತ್ತಿರದಿಂದ ತೆಗೆದ. ಅದರಲ್ಲಿ ಏಳು ಜನ ನೆಟ್ಟಗೆ ನಿಂತಿದ್ದಾರೆ, ನಾನೊಬ್ಬ ಬಲಗಿವಿಯನ್ನು ಕ್ಯಾಮೆರಾಕ್ಕೆ ಕೊಟ್ಟು, ಕತ್ತು ವಾಲಿಸಿ, ಜ್ಯೋತಿಷಿಯ ಗಿಳಿಯ ಹಾಗೆ ನಿಂತಿದ್ದೇನೆ. ಅವನು “ಒಂದು, ಎರಡು” ಅನ್ನುವುದು ಕೇಳಲಿ ಅಂತ ಹಾಗೆ ನಿಂತದ್ದು. 18 ದಿನದಲ್ಲಿ ನನ್ನ ಕತ್ತೂ ಹಿಡಿದುಕೊಂಡಿತ್ತು, ಅದರ ಕಥೆ ಬೇರೆ.

ಬಂದದ್ದು ಬಂದೆವು, ಮೇಲೆ ಹತ್ತೋಣ ಅಂದರು ಯಾರೋ. ಸರ್ ಮೊಣಕಾಲು ತೋರಿಸಿ ಕೆಳಗೇ ಕೂತರು. ನಾವು ಮೂಲೆಯ ಮಿನಾರಿನ ಆ ಇಕ್ಕಟ್ಟು ಮೆಟ್ಟಿಲು ಹತ್ತಿದೆವು. ಏಳು ಅಂತಸ್ತು. ಕಿವಿ ಬಂದ್ ಆದವನಿಗೆ ತನ್ನ ಏದುಸಿರು ಹೇಗೆ ಕೇಳುತ್ತದೆ ಗೊತ್ತೇನು? ಯಾವುದೋ ದೊಡ್ಡ ಪ್ರಾಣಿ ಹಿಂದಿನಿಂದ ಹತ್ತಿ ಬರುತ್ತಿದ್ದ ಹಾಗೆ. ಎರಡು ಸಲ ತಿರುಗಿ ನೋಡಿದೆ.

ಮೇಲೆ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಮಾತು ಆ ಗುಂಡು ಗೋಡೆಗುಂಟ ಜಾರಿಕೊಂಡು ಹೋಗಿ ಎದುರು ಬದಿಯಲ್ಲಿ ಕಿವಿ ಇಟ್ಟವನಿಗೆ ಮುಟ್ಟುತ್ತದೆ. ಕಡ್ಡಿ ಗೀರಿದ ಸದ್ದು, ಕೈಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತದೆ ಅಂತ ಗೈಡುಗಳು ಹೇಳುತ್ತಾರೆ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಅಲ್ಲಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಗೆ ಹತ್ತಿ, ಈ ಪಿಸುಮಾತಿನ ವಿದ್ಯೆಯನ್ನೇ ಅಭ್ಯಾಸ ಮಾಡಿದ್ದರು. ನಮ್ಮಲ್ಲಿ ಅಭ್ಯಾಸಕ್ಕೆ ಆಸ್ಪದ ಎಲ್ಲಿದೆ? ಹೆಸರು ಪಿಸುಮಾತಿನ ಗ್ಯಾಲರಿ, ಆದರೆ ಒಳಗೆ ಕಾಲಿಟ್ಟ ಕೂಡಲೇ ಪ್ರತಿಯೊಬ್ಬರೂ “ಹೋಯ್” ಅಂತ ಒದರಲೇಬೇಕು, ಸಿಳ್ಳೆ ಹಾಕಲೇಬೇಕು. ಅವತ್ತು ಯಾವುದೋ ಊರಿನಿಂದ ಟೆಂಪೋ ಮಾಡಿಕೊಂಡು ಬಂದ ಇಪ್ಪತ್ತು ಜನ ಇದ್ದರು. ಇಪ್ಪತ್ತು ಹೋಯ್, ಒಂದೊಂದೂ ಏಳೇಳು ಸಲ. ನೀವೇ ಲೆಕ್ಕ ಹಾಕಿ.

ಅಷ್ಟು ಗದ್ದಲದಲ್ಲಿ ಆ ಗ್ಯಾಲರಿಯನ್ನು ಕಟ್ಟಿದವರ ಉದ್ದೇಶಕ್ಕೆ ತಕ್ಕ ಹಾಗೆ ಬಳಸಿದ ಮನುಷ್ಯ ಒಬ್ಬರೇ. ಕಾಕಾ. ಅವರು ನಿಧಾನವಾಗಿ ನಡೆದು ಎದುರು ಬದಿಗೆ ಹೋದರು. ಅಲ್ಲಿಂದ ಕೈ ಬೀಸಿ, ಕಿವಿ ಮುಟ್ಟಿ ತೋರಿಸಿ, ಗೋಡೆಗೆ ಕಿವಿ ಇಡು ಅಂತ ಸನ್ನೆ ಮಾಡಿದರು. ಟೆಂಪೋದವರೂ ಕುತೂಹಲದಿಂದ ಸುಮ್ಮನಾದರು, ಸಾಲಾಗಿ ಗೋಡೆಗೆ ಕಿವಿ ಹಚ್ಚಿದರು. ನಾನೂ ಹಚ್ಚಿದೆ. ಯಾವ ಕಿವಿ? ಕಾಕಾನಿಗೆ ಆರು ವರ್ಷದಿಂದ ಕೊಟ್ಟು ರೂಢಿಯಾದದ್ದು ಯಾವುದೋ ಅದೇ. ಎಡಗಿವಿ.

ಕಾಕಾ ಗೋಡೆಗೆ ಮುಖ ಮಾಡಿ, ಅಲ್ಲೂ ಅಂಗೈ ಮರೆ ಮಾಡಿಕೊಂಡು, ಬಹಳ ಹೊತ್ತು ಹೇಳಿದರು. ನನಗೆ ಕೇಳಿಸಿದ್ದು ನನ್ನದೇ ಎದೆಬಡಿತ. ಆದರೆ ಗೋಡೆಗುಂಟ ನಿಂತವರ ಮುಖ ಒಂದೊಂದಾಗಿ ಬದಲಾಗತೊಡಗಿತು. ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದಳು. ಒಬ್ಬ ಮುದುಕ ನನ್ನ ಕಡೆ ಕನಿಕರದಿಂದ ನೋಡಿ ತಲೆ ಆಡಿಸಿದ. ನಾನು ರೂಢಿಯಂತೆ ಕಾಕಾನ ಮುಖ ನೋಡಿ ಉತ್ತರ ಕೊಡೋಣ ಅಂದರೆ ಅಷ್ಟು ದೂರದಿಂದ ಹುಬ್ಬು ಕಾಣುವುದಿಲ್ಲ. ಬೇರೆ ದಾರಿ ಇಲ್ಲದೆ ಕೂಗಿದೆ: “ಏನ್ರೀ ಕಾಕಾ? ಕೇಳ್ಸವಲ್ದು!”

ಕೇಳ್ಸವಲ್ದು, ಸವಲ್ದು, ವಲ್ದು, ಲ್ದು, ಅಂತ ಗುಂಬಜ್ ನನ್ನ ಕಿವುಡುತನವನ್ನು ಊರಿಗೆ ಸಾರಿತು. ನನ್ನ ಪಕ್ಕದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ನಿಂತಿದ್ದ. ಅವನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಒಳ್ಳೆಯ ಮನೆತನದ ಹುಡುಗ. ಎರಡೂ ಕೈ ಬಾಯಿಯ ಸುತ್ತ ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡು ನನಗೆ ಸಹಾಯ ಮಾಡಿದ:

“ಅಂಕಲ್! ಆ ಅಜ್ಜಾರು ಅಂತಾರ, ಗುರುಪೂರ್ಣಿಮಿಗೆ ನೀವು ಹಾಡೂದು ಬ್ಯಾಡಂತ!”

ಬ್ಯಾಡಂತ.

ಗೋಲಗುಂಬಜ್‌ನಲ್ಲಿ ದನಿ ಏಳು ಸಲ ಬರುತ್ತದೆ ಅನ್ನುತ್ತಾರೆ. ಕೆಲವರು ಇನ್ನೂ ಜಾಸ್ತಿ ಅನ್ನುತ್ತಾರೆ. ನಾನು ಅವತ್ತು ಎಣಿಸಿದೆ. ಮೊದಲನೆಯ ಬ್ಯಾಡಂತ ಹುಡುಗನದು, ಚುರುಕಾಗಿತ್ತು. ಎರಡನೆಯದು ದೊಡ್ಡ ಗಂಡಸಿನದು. ಮೂರನೆಯದು ಸರ್ಕಾರದ ಆದೇಶದ ಹಾಗಿತ್ತು. ನಾಲ್ಕನೆಯದು ಮೇಲಿನಿಂದ, ಗುಂಬಜದ ನೆತ್ತಿಯಿಂದ ಇಳಿಯಿತು. ಐದು, ಆರು ನನ್ನ ಹಿಂದೆ ಮುಂದೆ ಸುತ್ತಾಡಿದವು. ಏಳನೆಯದು ಬಹಳ ಮೆತ್ತಗೆ, ನಮ್ಮ ಅವ್ವ ಹೇಳಿದ ಹಾಗೆ ಕೇಳಿತು: ಬ್ಯಾಡಂತಪಾ. ಎಲ್ಲವೂ ಶ್ರುತಿಯಲ್ಲಿದ್ದವು, ಅದೇ ಹೊಟ್ಟೆ ಉರಿಸಿದ್ದು. 1656ರ ಹೊತ್ತಿಗೆ ಇದನ್ನು ಕಟ್ಟಿ ಮುಗಿಸಿದ ಮೇಲೆ ಕೆಳಗೆ ನೆಮ್ಮದಿಯಾಗಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನಿಗೂ ಸುದ್ದಿ ಮುಟ್ಟಿರಬೇಕು. ಅವನ ಅಪ್ಪ ಇಬ್ರಾಹಿಂ ಆದಿಲ್ ಶಾಹ ಎಂಥ ಸಂಗೀತದ ಹುಚ್ಚ! ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟವನು, ಸರಸ್ವತಿಯನ್ನು ನೆನೆದು ಪದ ಬರೆದವನು. ಅಂಥವನ ಊರಿನಲ್ಲಿ, ಅವನ ಮಗನ ಗೋರಿಯ ಮೇಲೆ ನಿಂತು, ನಿಂದು ಹಾಡು ಬ್ಯಾಡ ಅನ್ನಿಸಿಕೊಂಡೆ.

ಪೂರ್ತಿ ವಿಷಯ ಇಳಿಯುವಾಗ ಗೊತ್ತಾಯಿತು. ಸರ್‌ಗೆ ನೇರವಾಗಿ ಹೇಳಲು ಸಂಕೋಚ. ಕಾಕಾನ ಕೈಲಿ ಹೇಳಿಸಿದ್ದಾರೆ. ಕಾಕಾ ಮೂರು ಸಲ ಹೇಳಿದ್ದಾರೆ. ಮೂರೂ ಸಲ ನಾನು “ನೀವು ಹೇಳೂದು ಖರೇ ಅದ” ಅಂತ ದೊಡ್ಡ ಮನಸ್ಸಿನಿಂದ ಒಪ್ಪಿ, ಮರುದಿನ ಮತ್ತೆ ಬಂದು ಹಾಡಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಎಂಥ ಮೊಂಡ ಅಂದುಕೊಂಡಿರಬಹುದು!

ಅವತ್ತು ರಾತ್ರಿ ಪೇಟಿ ಮುಟ್ಟಲಿಲ್ಲ. ಸುಮ್ನೆ ಅದರ ಮುಂದೆ ಕೂತಿದ್ದೆ. ಅಪ್ಪನ ಪೇಟಿ ಅಂದೆನಲ್ಲ. ಕೊನೆಯ ನಾಲ್ಕೈದು ವರ್ಷ ಅಪ್ಪನಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಧಾರವಾಡ ಆಕಾಶವಾಣಿ ಹಚ್ಚಿಕೊಂಡು, ರೇಡಿಯೋಕ್ಕೆ ಕೈ ಕಿವಿ ಎರಡೂ ತಾಗಿಸಿ ಕೂಡುತ್ತಿದ್ದರು. ನಾವು ಏನು ಹೇಳಿದರೂ “ಹೌದ್ಹೌದು” ಅನ್ನುತ್ತಿದ್ದರು. ಊಟ ಆಯ್ತೇನು ಅಂದರೂ ಹೌದ್ಹೌದು, ಊಟಕ್ಕ ಬರ್ರಿ ಅಂದರೂ ಹೌದ್ಹೌದು. ನನಗೆ ಸಿಟ್ಟು ಬರುತ್ತಿತ್ತು. ಕೇಳ್ಸದಿದ್ರ ಕೇಳ್ಸಲಿಲ್ಲ ಅನಬೇಕಪಾ, ಸುಮ್ನ ಯಾಕ ಗೋಣ ಹಾಕ್ತಿ ಅಂತ ಒಮ್ಮೆ ಮಂದಿಯ ಮುಂದೆ ಒದರಿದ್ದೆ. ಅದನ್ನು ಮಾತ್ರ ಅವರು ಪೂರ್ತಿ ಕೇಳಿಸಿಕೊಂಡಿದ್ದರು. ಹೌದ್ಹೌದು ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಕಿವಿ ಡಾಕ್ಟರ್ ಹತ್ತಿರ ಹೋದೆ. ಅವರು ಹಣೆಯ ದೀಪ ಹಚ್ಚಿ ಒಳಗೆ ಇಣುಕಿ, ಒಂದು ಕ್ಷಣ ಸುಮ್ಮನಾಗಿ, “ಎಷ್ಟು ವರ್ಷದಿಂದ ಕೂಡಿಟ್ಟೀರಿ?” ಅಂದರು, ಎಫ್‌ಡಿ ಬಗ್ಗೆ ಕೇಳಿದ ಹಾಗೆ. ಬಡ್ಸ್ ಹಾಕ್ತೀರಾ? ಇಲ್ರಿ ಅಂದೆ. ಅವರು ನೋಡಿದ ನೋಟಕ್ಕೆ, ಹಾಕ್ತೀನ್ರಿ ಅಂದೆ. “ಪಾಕೀಟಿನ ಮ್ಯಾಲೆ ಬರದಿರ್ತಾರ, ಕಿವಿ ಒಳಗ ಹಾಕಬ್ಯಾಡ್ರಿ ಅಂತ. ನಿಮ್ಮ ಬ್ಯಾಂಕಿನ ಫಾರ್ಮ್ ನಾವು ಓದದ ಸೈನ್ ಮಾಡ್ತೀವಲ್ಲ, ಹಂಗ ನೀವು ಅದನ್ನ ಓದೂದಿಲ್ಲ.” ಮೂರು ದಿನ ಹಾಕಿಕೊಳ್ಳಲು ಡ್ರಾಪ್ಸ್ ಬರೆದುಕೊಟ್ಟರು. ಮೆತ್ತಗಾಗಬೇಕಂತೆ. ಮೆತ್ತಗಾಗುವ ಮೊದಲು ಇನ್ನೂ ಉಬ್ಬಿ, ಮೂರು ದಿನ ನಾನು ಪೂರ್ತಿ ಭಾವಿಯೊಳಗೇ ಇದ್ದೆ.

ಗುರುವಾರ ಕೈಗೆ ಕಿಡ್ನಿ ಆಕಾರದ ಒಂದು ಸ್ಟೀಲ್ ತಟ್ಟೆ ಕೊಟ್ಟು, ಕಿವಿ ಕೆಳಗೆ ಹಿಡಿದುಕೋ ಅಂದರು. ದೊಡ್ಡ ಪಿಚಕಾರಿ. ನೀರು ಉಗುರುಬೆಚ್ಚಗೆ. ತಣ್ಣೀರು ಹಾಕಿದರೆ ತಲೆ ತಿರುಗಿ ಬೀಳುತ್ತಾರಂತೆ. ಒಂದು ಸಲ ಒತ್ತಿದರು. ಆಲಮಟ್ಟಿ ಡ್ಯಾಮಿನ 26 ಗೇಟೂ ಒಮ್ಮೆಲೇ ತೆಗೆದ ಹಾಗೆ ಭೋರ್ ಅಂತು. ಎರಡನೇ ಸಲ. ಮೂರನೇ ಸಲಕ್ಕೆ ತಟ್ಟೆಯಲ್ಲಿ ಟಪ್ ಅಂತ ಏನೋ ಬಿತ್ತು. ಕಪ್ಪಗೆ, ಸುಕ್ಕು ಸುಕ್ಕಾಗಿ, ನಮ್ಮ ಬಿಜಾಪುರದ ಒಣದ್ರಾಕ್ಷಿಯ ಹಾಗೆ. ಅಂದಿನಿಂದ ಪಾಯಸದಲ್ಲಿ ಅದು ಕಂಡರೆ ಪಕ್ಕಕ್ಕೆ ಸರಿಸುತ್ತಿದ್ದೇನೆ.

ಆ ಟಪ್ ಕೇಳಿಸಿತು ಅನ್ನುವುದೇ ದೊಡ್ಡದು. ಆಮೇಲೆ ಒಂದೊಂದೇ ಬರತೊಡಗಿದವು. ಫ್ಯಾನಿನ ಕಿರುಗುಟ್ಟುವಿಕೆ. ಹೊರಗೆ ಟಾಂಗಾ ಕುದುರೆಯ ಗೊರಸು. ಕಂಪೌಂಡರ್ ಮೂಗೆಳೆದದ್ದು. ಎಲ್ಲದಕ್ಕೂ ಅಂಚು ಇತ್ತು. ನಾನು “ಥ್ಯಾಂಕ್ಸ್ ರೀ” ಅಂದೆ, ನನ್ನ ದನಿ ಮಾತ್ರ ಸಣಕಲಾಗಿತ್ತು. ಎಲ್ಲಿ ಹೋಯಿತು ಆ ತುಂಬು ದನಿ? ಕೇಳಿದೆ. ಡಾಕ್ಟರ್ ನಕ್ಕರು. ಹೊರಗಿನ ದಾರಿ ಮುಚ್ಚಿದಾಗ ನಮ್ಮ ದನಿ ಎಲುಬಿನಿಂದ ಒಳಗೇ ಬಂದು ದೊಡ್ಡದಾಗಿ ಕೇಳುತ್ತದಂತೆ. ಅದಕ್ಕೆ ಅಂಥವರು ತಾವು ಜೋರಾಗಿ ಮಾತಾಡುತ್ತಿದ್ದೇವೆ ಅಂದುಕೊಂಡು ಮೆಲ್ಲಗೆ ಮಾತಾಡಲು ಶುರು ಮಾಡುತ್ತಾರೆ. “ನೀವು ಸೋಮವಾರ ಬಂದಾಗ ಹಂಗ ಪಿಸಿಪಿಸಿ ಅಂತಿದ್ರಿ. ಕೆಲವ್ರು ಜೀವಮಾನ ಎಲ್ಲಾ ಹಂಗ ಇರ್ತಾರ, ಒಳಗಿನ ಸಣ್ಣ ಎಲುಬು ಬಿಗಿಯಾಗಿ. ಯಾರಿಗೂ ಗೊತ್ತಾಗೂದಿಲ್ಲ.”

ಗಾಡಿ ಹತ್ತಿರ ಬಂದು ಚಾವಿ ತೆಗೆದವನು ಹಾಗೇ ನಿಂತೆ. ಪಿಸಿಪಿಸಿ. ಯಾವಾಗಲೂ ಎಡಗಡೆ. ಅವರು ನನ್ನ ಎಡಕ್ಕೆ ನಿಂತರೆ ನಾನು ಅವರಿಗೆ ಯಾವ ಕಡೆ ಆಗುತ್ತೇನೆ? ಬಲಗಡೆ. ರಸ್ತೆಯ ಮೇಲೆ ಫುಗಡಿ ಆಡಿದರೂ ತಮ್ಮ ಎಡಗಡೆ ನನ್ನನ್ನು ಬಿಟ್ಟುಕೊಂಡವರಲ್ಲ. ಅಂದರೆ ಕಾಕಾನ ಎಡಗಿವಿ! “ಕಾಕಾ, ನನ್ನ ಭೂಪ್ ಹೆಂಗ ಆಗೇದ?” ಅಂತ ನಾನು ಎಷ್ಟು ಸಲ ಕೇಳಿಲ್ಲ, ಅವರು ಎಷ್ಟು ಸಲ “ಹೌದ್ಹೌದು” ಅಂದಿಲ್ಲ! ನಾನು ಅದನ್ನು ಮೆಚ್ಚುಗೆ ಅಂದುಕೊಂಡಿದ್ದೆ. ಹೆಂಗ ಆಗೇದ ಅಂದರೆ ಯಾರಾದರೂ ಹೌದ್ಹೌದು ಅಂತಾರೇನು?

ಭೂಪ್ ವಿಷಯ ಕೇಳಬೇಡಿ. ಕಿವಿ ತೆರೆದ ದಿನವೇ ಮೊಬೈಲಿನಲ್ಲಿ ತಂಬೂರಿ ಹಚ್ಚಿ ಕೂತು ಹಾಡಿದೆ. ಆರನೆಯ ಸ್ವರ ಇನ್ನೂ ಅಲ್ಲೇ ಇದೆ. ಗುಗ್ಗೆಯದಲ್ಲ, ನನ್ನದೇ. ಈ ಸಲ ಕಾರ್ಯಕ್ರಮದಲ್ಲಿ ನಾನು ಕಾಕಾನ ಪಕ್ಕ ಕೂತು ತಾಳ ಹಾಕುವುದು ಅಂತ ತೀರ್ಮಾನವಾಗಿದೆ. ಫ್ಲೆಕ್ಸಿನಲ್ಲಿ ಗಿಳಿ ಹಾಗೇ ಇದೆ, ಪ್ರಿಂಟ್ ಆಗಿಬಿಟ್ಟಿತ್ತು.

ನಿನ್ನೆ ಸಂಜೆ ಕಾಕಾನ ಬಲಗಡೆ ನಿಂತು, ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ: “ಕಾಕಾ, ನಾಳಿಗೆ ಕಿವಿ ತೋರ್ಸೂಣು ನಡ್ರಿ. ನಾ ಕರ್ಕೊಂಡು ಹೋಗ್ತೀನಿ.” ಅವರು ಖುಷಿಯಿಂದ ಗೋಣು ಹಾಕಿದರು. ಹೌದ್ಹೌದು, ಚಲೋ ಆತು, ನಾನ ನೋಡ್ಕೋತೀನಿ ಅಂದರು.

ಇವತ್ತು ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿದರು. ಕೈಯಲ್ಲೊಂದು ಕಾಗದದ ಚೀಲ. ನನ್ನ ಎಡಕ್ಕೆ ಬಂದು, ತೋಳು ಹಿಡಿದು, ಹಿಂದೊಮ್ಮೆ ಮುಂದೊಮ್ಮೆ ನೋಡಿ, ಚೀಲ ಸ್ವಲ್ಪ ಮಾತ್ರ ತೆರೆದು ತೋರಿಸಿದರು. ಒಳಗೆ ಕಂದು ಬಣ್ಣದ, ಮೈತುಂಬ ನವಿರು ಕೂದಲಿನ ನಾಲ್ಕು ಕಿವಿ ಹಣ್ಣು.

“ತರ್ಸೂಣು ಅಂದ್ಯಲ್ಲ, ನಾನ ತಂದೆ” ಅಂದರು. ಆಮೇಲೆ ಅಂಗೈ ಮರೆ ಮಾಡಿ, ನಾಲ್ಕು ಬೆರಳು ದೂರದಿಂದ, ಈಗ ಪ್ರತಿ ಅಕ್ಷರವೂ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ: “ಒಂದಕ್ಕ ನಲವತ್ತು ರೂಪಾಯಿ, ತಮ್ಮಾ. ಯಾರಿಗೂ ಹೇಳಬ್ಯಾಡ.”